ಆಸ್ಪತ್ರೆಯ ಗೋಡೆಯಾಚೆಗೂ ಕೆಲಸವಿದೆ: ಚಿಕ್ಕಮಗಳೂರು ಜಿಲ್ಲೆಯ ಶಾಲೆ, ಊರು, ತೋಟಗಳಲ್ಲಿ ಆರೋಗ್ಯ ಹುದ್ದೆ ಹುಡುಕುವವರಿಗೆ

"ಅಕ್ಕಾ, ಯಾವ ಆಸ್ಪತ್ರೆಗೆ ಅರ್ಜಿ ಹಾಕಲಿ?" ನರ್ಸಿಂಗ್ ಮುಗಿಸಿದ ಹುಡುಗಿಯರು, ಸಮಾಜಕಾರ್ಯ ಓದಿದ ಹುಡುಗರು ನನ್ನನ್ನು ಮೊದಲು ಕೇಳುವುದೇ ಇದನ್ನು. ನಾನು ತಿರುಗಿ ಕೇಳುತ್ತೇನೆ: ನಿಮ್ಮೂರಿನ ಅಂಗನವಾಡಿಗೆ ವರ್ಷಕ್ಕೆರಡು ಸಲ ಒಂದು ವಾಹನ ಬರುತ್ತದೆ, ಅದರಿಂದ ಇಳಿಯುವವರು ಯಾರೆಂದು ಗೊತ್ತೇ? ಊರಿನ ಆರೋಗ್ಯ ಉಪಕೇಂದ್ರದ ಬಾಗಿಲು ತೆಗೆಯುವವರು, ಕ್ಷಯರೋಗಿಯ ಮನೆಗೆ ಬೈಕಿನಲ್ಲಿ ಹೋಗುವವರು, ವಸತಿಶಾಲೆಯಲ್ಲಿ ಜ್ವರ ಬಂದ ಮಗುವಿನ ಹಣೆ ಮುಟ್ಟುವವರು ಯಾರು? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆ ಹುದ್ದೆಗಳ ಪ್ರಕಟಣೆ ಬಂದು ಹೋದದ್ದೂ ಅವರ ಗಮನಕ್ಕೆ ಬಂದಿರುವುದಿಲ್ಲ.

ನಾನು ಶುಶ್ರೂಷಕಿ. ಮಕ್ಕಳ ತಪಾಸಣಾ ತಂಡದಲ್ಲಿ ಒಂಬತ್ತು ವರ್ಷ ಮೂಡಿಗೆರೆ, ಕೊಪ್ಪದ ಕಡೆ ಓಡಾಡಿದ್ದೇನೆ. ಕಾಯಿಲೆ ಬರುವ ಮೊದಲೇ ಮನೆಬಾಗಿಲಿಗೆ ಹೋಗುವ ಈ ಕೆಲಸಕ್ಕೆ ಸೇರಬೇಕೆನ್ನುವವರು ಯಾವ ಕ್ರಮದಲ್ಲಿ ಹೆಜ್ಜೆ ಇಡಬೇಕು ಎಂಬುದನ್ನು ನನ್ನ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಈ ಕೆಲಸ ಏನೆಂದು ನೋಡಿ

ಒಂದು ಸಣ್ಣ ಸಂಗತಿ ಹೇಳುತ್ತೇನೆ. ತೋಟಗಳ ನಡುವಿನ ಒಂದು ಪ್ರೌಢಶಾಲೆಗೆ ಹೋಗಿದ್ದೆವು. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಟ್ಟ ಲೆಕ್ಕ ರಿಜಿಸ್ಟರಿನಲ್ಲಿ ಅಚ್ಚುಕಟ್ಟಾಗಿ ಇತ್ತು, ಒಂದು ವಾರವೂ ತಪ್ಪಿರಲಿಲ್ಲ. ಆದರೂ ಹೆಣ್ಣುಮಕ್ಕಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿತ್ತು. ಊಟದ ಹೊತ್ತಿಗೆ ಕೈತೊಳೆಯಲು ಕಟ್ಟಡದ ಹಿಂದಕ್ಕೆ ಹೋದೆ. ದಾಸವಾಳದ ಗಿಡದ ಬುಡದಲ್ಲಿ ಮಣ್ಣಿಗೆ ನೀಲಿ ಬಣ್ಣ ಹತ್ತಿತ್ತು. ಬಗ್ಗಿ ಕೆದಕಿದರೆ ಅರ್ಧ ಕರಗಿದ ಮಾತ್ರೆಗಳು.

ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆ ಕೊಡುವ ಮಾತ್ರೆಯ ಬಣ್ಣ ನೀಲಿ, ಅದಕ್ಕಿಂತ ಚಿಕ್ಕ ಮಕ್ಕಳದು ಗುಲಾಬಿ. ಮಕ್ಕಳನ್ನು ಗದರಿಸದೆ ಕೂರಿಸಿಕೊಂಡು ಕೇಳಿದಾಗ ಕಾರಣ ಗೊತ್ತಾಯಿತು. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ, ಖಾಲಿ ಹೊಟ್ಟೆಯಲ್ಲಿ ಮಾತ್ರೆ ಕೊಡುತ್ತಿದ್ದರು. ಹೊಟ್ಟೆ ತೊಳಸುತ್ತಿತ್ತು. ಮಲ ಕಪ್ಪಗಾದದ್ದು ನೋಡಿ ಒಬ್ಬಳು ಹೆದರಿ ಗೆಳತಿಯರಿಗೆಲ್ಲ ಹೇಳಿದ್ದಳು. ಬಿಸಿಯೂಟವಾದ ಮೇಲೆ, ಶಿಕ್ಷಕಿಯ ಎದುರಲ್ಲೇ ನುಂಗುವಂತೆ ಬದಲಾಯಿಸಿದೆವು. ಕಪ್ಪಾಗುವುದು ಕಬ್ಬಿಣದಿಂದಲೇ, ಅದರಲ್ಲಿ ಭಯಪಡುವಂಥದ್ದೇನೂ ಇಲ್ಲ ಎಂದು ತರಗತಿ ತರಗತಿಗೆ ಹೋಗಿ ಹೇಳಿದೆವು. ಎರಡು ತಿಂಗಳ ನಂತರ ಮತ್ತೆ ಹೋದಾಗ ನಾನು ಮೊದಲು ನೋಡಿದ್ದು ದಾಸವಾಳದ ಬುಡವನ್ನು.

ಮಾತ್ರೆ ಶಾಲೆಗೆ ತಲುಪಿದರೆ ಅರ್ಧ ಕೆಲಸ, ಮಗುವಿನ ಹೊಟ್ಟೆಗೆ ತಲುಪಿದರೆ ಪೂರ್ತಿ. ಈ ಉಳಿದರ್ಧಕ್ಕೆ ಎರಡನೆಯ ಸಲ, ಮೂರನೆಯ ಸಲ ಹೋಗುವ ತಾಳ್ಮೆ ಇದ್ದರೆ ಮುಂದೆ ಓದಿ. ತುರ್ತು ಚಿಕಿತ್ಸಾ ಘಟಕದ ಚುರುಕು ನಿಮಗೆ ಇಷ್ಟವಾದರೆ ಅದೂ ದೊಡ್ಡ ಕೆಲಸವೇ, ಅದಕ್ಕೆ ಆಸ್ಪತ್ರೆ ಸರಿಯಾದ ಜಾಗ.

ನಿಮ್ಮ ಓದಿಗೆ ಯಾವ ಬಾಗಿಲು ಎಂದು ಗುರುತಿಸಿಕೊಳ್ಳಿ

ಶಾಲಾ ಆರೋಗ್ಯದಲ್ಲಿ ದೊಡ್ಡ ಬಾಗಿಲು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. 2013ರಲ್ಲಿ ಆರಂಭವಾದ ಇದನ್ನು ಕಚೇರಿಯಲ್ಲಿ ಎಲ್ಲರೂ ಆರ್‌ಬಿಎಸ್‌ಕೆ ಎಂದೇ ಕರೆಯುತ್ತಾರೆ. ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟು ದೋಷ, ಪೌಷ್ಟಿಕಾಂಶದ ಕೊರತೆ, ಬಾಲ್ಯದ ಕಾಯಿಲೆ, ಬೆಳವಣಿಗೆಯ ಹಿನ್ನಡೆ ಎಂಬ ನಾಲ್ಕನ್ನು ಹುಡುಕುವುದು ಇದರ ಕೆಲಸ. ಸಂಚಾರಿ ತಂಡಕ್ಕೆ ಮಾರ್ಗಸೂಚಿಯ ಪ್ರಕಾರ ಇಬ್ಬರು ಆಯುಷ್ ವೈದ್ಯರು, ಅವರಲ್ಲಿ ಒಬ್ಬರು ಮಹಿಳೆ, ಒಬ್ಬ ಫಾರ್ಮಸಿಸ್ಟ್, ಒಬ್ಬ ಎಎನ್‌ಎಂ (ಸಹಾಯಕ ಶುಶ್ರೂಷಕಿ ಮತ್ತು ಸೂಲಗಿತ್ತಿ) ಅಥವಾ ಶುಶ್ರೂಷಕಿ ಬೇಕು. ಆಯುರ್ವೇದ, ಹೋಮಿಯೋಪಥಿ ಓದಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಪದವಿ ಮುಗಿಸಿ ಸ್ವಂತ ಕ್ಲಿನಿಕ್ ಇಡಲು ಹಣವಿಲ್ಲದೆ ಕೊರಗುವ ಎಷ್ಟೋ ವೈದ್ಯರಿಗೆ ಈ ತಂಡ ಗೊತ್ತೇ ಇರುವುದಿಲ್ಲ.

ತಂಡ ಪತ್ತೆ ಮಾಡಿದ ಮಕ್ಕಳನ್ನು ಕಳುಹಿಸುವುದು ಜಿಲ್ಲಾ ಮಟ್ಟದ ಕೇಂದ್ರಕ್ಕೆ. ಮಕ್ಕಳ ತೊಂದರೆಗೆ ಬೇಗನೆ ಚಿಕಿತ್ಸೆ ಶುರುಮಾಡುವ, ಡಿಇಐಸಿ ಎಂದು ಕರೆಯುವ ಈ ಬಗೆಯ ಕೇಂದ್ರಗಳಲ್ಲಿ ಫಿಸಿಯೋಥೆರಪಿಸ್ಟ್, ಮಾತು ಮತ್ತು ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು, ದೃಷ್ಟಿ ಪರೀಕ್ಷಕರು, ವಿಶೇಷ ಶಿಕ್ಷಕರು, ಸಮಾಜ ಕಾರ್ಯಕರ್ತರು ಹೀಗೆ ಬೇರೆ ಬೇರೆ ಓದಿನವರಿಗೆ ಹುದ್ದೆಗಳಿರುತ್ತವೆ.

ಊರಿನ ಮಟ್ಟದಲ್ಲಿ ನರ್ಸಿಂಗ್ ಓದಿದವರಿಗೆ ಈಗ ಮುಖ್ಯವಾದ ಹುದ್ದೆ ಸಮುದಾಯ ಆರೋಗ್ಯ ಅಧಿಕಾರಿಯದು. ಜನರ ಬಾಯಲ್ಲಿ ಸಿಎಚ್‌ಒ. 2018ರ ಆಯುಷ್ಮಾನ್ ಭಾರತ್ ಯೋಜನೆಯ ಜೊತೆಗೆ ಉಪಕೇಂದ್ರಗಳು ಕ್ಷೇಮ ಕೇಂದ್ರಗಳಾದವು, ಈಗ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ಮೂವತ್ತು ದಾಟಿದ ಪ್ರತಿಯೊಬ್ಬರ ರಕ್ತದೊತ್ತಡ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇವರ ಹೆಗಲ ಮೇಲಿದೆ. ಮಲೆನಾಡಿನಂತಹ ಗುಡ್ಡಗಾಡಿನಲ್ಲಿ ಉಪಕೇಂದ್ರಕ್ಕೆ 3,000 ಜನಸಂಖ್ಯೆ, ಬಯಲಿನಲ್ಲಿ 5,000 ಎಂಬುದು ಮಾನದಂಡ. ಕಡೂರಿನ ಬಯಲಿನಲ್ಲಿ ಐದು ಸಾವಿರ ಜನರನ್ನು ಮುಟ್ಟುವುದಕ್ಕಿಂತ ಕಳಸದ ಕಡೆ ಮೂರು ಸಾವಿರ ಜನರನ್ನು ಮುಟ್ಟುವುದು ಕಷ್ಟ. ಒಂಟಿಮನೆಗಳ ನಡುವೆ ಹಳ್ಳ, ಏರು, ಬೇಲಿ, ನಾಯಿ ಎಲ್ಲವೂ ಇರುತ್ತವೆ.

ಎಎನ್‌ಎಂ ತರಬೇತಿ ಆದವರಿಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಹುದ್ದೆ, ಹೆಲ್ತ್ ಇನ್ಸ್‌ಪೆಕ್ಟರ್ ಡಿಪ್ಲೊಮಾ ಆದವರಿಗೆ ಆರೋಗ್ಯ ನಿರೀಕ್ಷಣಾಧಿಕಾರಿ ಹುದ್ದೆ ಇವೆ. ಡಿಪ್ಲೊಮಾ ಮುಗಿಸಿದ ಗಂಡುಮಕ್ಕಳು ಇದನ್ನು ಕಡೆಗಣಿಸಬಾರದು. ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಭಾಗದಲ್ಲಿ ಮಂಗನ ಕಾಯಿಲೆಯ ಭಯ ಪ್ರತಿ ಬೇಸಿಗೆಯಲ್ಲೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಉಣ್ಣಿಯಿಂದ ಹರಡುತ್ತದೆ. ಮಂಗ ಸತ್ತ ಸುದ್ದಿ ಬಂದ ಕೂಡಲೇ ಸ್ಥಳಕ್ಕೆ ಹೋಗುವುದು, ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರಿಗೆ ಉಣ್ಣಿ ಹತ್ತದಂತೆ ತಡೆಯುವ ಡೆಪಾ ತೈಲ ಹಂಚಿ ಹಚ್ಚಿಕೊಳ್ಳುವ ಬಗೆ ತೋರಿಸುವುದು, ಜ್ವರದ ಮನೆಗಳನ್ನು ಲೆಕ್ಕವಿಡುವುದು ಇವರ ದಿನದ ಕೆಲಸ. ತೈಲದ ಬಾಟಲಿ ಮನೆಯ ಮಾಡಿನ ಸಂದಿಯಲ್ಲಿ ಸೀಲು ಒಡೆಯದೆ ಉಳಿದಿರುವುದನ್ನು ನಾನು ನೋಡಿದ್ದೇನೆ. ಮತ್ತೆ ಅದೇ ದಾಸವಾಳದ ಗಿಡದ ಕತೆ.

ಸಮಾಜಕಾರ್ಯ, ಮನಶ್ಶಾಸ್ತ್ರ ಓದಿದವರಿಗೆ ಹದಿಹರೆಯದವರ ಸ್ನೇಹ ಕ್ಲಿನಿಕ್‌ಗಳಲ್ಲಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ, ತಂಬಾಕು ನಿಯಂತ್ರಣ ಕೋಶದಲ್ಲಿ ಸಮಾಲೋಚಕರ, ಸಮಾಜ ಕಾರ್ಯಕರ್ತರ ಹುದ್ದೆಗಳಿವೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ 2003ರ ಕಾಯ್ದೆಯನ್ನು ಅಂಗಡಿಯವರಿಗೆ ತಿಳಿಹೇಳುವುದೂ ಈ ಕೋಶದ ಕೆಲಸ. ಕ್ಷಯರೋಗ ಕಾರ್ಯಕ್ರಮದಲ್ಲಿ ಹಿರಿಯ ಚಿಕಿತ್ಸಾ ಮೇಲ್ವಿಚಾರಕರ ಹುದ್ದೆಗೆ ಯಾವುದೇ ಪದವಿ ಅಥವಾ ಮಾನ್ಯತೆ ಪಡೆದ ಸ್ಯಾನಿಟರಿ ಇನ್ಸ್‌ಪೆಕ್ಟರ್ ಕೋರ್ಸ್, ಜೊತೆಗೆ ಕಂಪ್ಯೂಟರ್ ಪ್ರಮಾಣಪತ್ರ, ದ್ವಿಚಕ್ರ ವಾಹನದ ಕಾಯಂ ಚಾಲನಾ ಪರವಾನಗಿ ಕೇಳುತ್ತಾರೆ. ಕಲಿಕಾ ಪರವಾನಗಿ ಇಟ್ಟುಕೊಂಡು ಹೋದರೆ ನಡೆಯುವುದಿಲ್ಲ.

ನರ್ಸಿಂಗ್ ಓದದವರಿಗೂ ದಾರಿಯಿದೆ. ಆಶಾ ಕಾರ್ಯಕರ್ತೆಯಾಗಲು ಅದೇ ಊರಿನ ಮಹಿಳೆಯಾಗಿರಬೇಕು. ಸಾಮಾನ್ಯವಾಗಿ ಸಾವಿರ ಜನಸಂಖ್ಯೆಗೆ ಒಬ್ಬರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಎಂಬುದನ್ನು ಮೊದಲೇ ತಿಳಿದಿರಿ. ಅಂಗನವಾಡಿ ಹುದ್ದೆಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವು, ಅಲ್ಲಿಯೂ ಸ್ಥಳೀಯರಿಗೇ ಅವಕಾಶ.

ವಸತಿಶಾಲೆಗಳನ್ನು ಮರೆಯಬೇಡಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳಲ್ಲಿ, ಬಾಳೆಹೊನ್ನೂರಿನ ನವೋದಯದಲ್ಲಿ ಶುಶ್ರೂಷಕಿಯರ ಹುದ್ದೆಗಳಿವೆ. ಕೇಂದ್ರೀಯ ವಿದ್ಯಾಲಯಗಳು ಹೊಸ ಶೈಕ್ಷಣಿಕ ವರ್ಷಕ್ಕೆ ಮುನ್ನ ನೇರ ಸಂದರ್ಶನದ ಮೂಲಕ ಶುಶ್ರೂಷಕಿ, ಸಮಾಲೋಚಕರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತವೆ. ಇನ್ನು ದೊಡ್ಡ ಕಾಫಿ, ಟೀ ತೋಟಗಳು. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಕಾರ್ಮಿಕರ ಚಿಕಿತ್ಸೆ, ಶಿಶುವಿಹಾರದ ಹೊಣೆ ಅವುಗಳ ಮೇಲಿದೆ. ಅಲ್ಲಿನ ಡಿಸ್ಪೆನ್ಸರಿಗೆ ಜನ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಬರುವುದು ಅಪರೂಪ. ತೋಟದ ಕಚೇರಿಗೆ ನೇರವಾಗಿ ಹೋಗಿ ವ್ಯವಸ್ಥಾಪಕರನ್ನು ಕಂಡು ಅರ್ಜಿ ಕೊಟ್ಟು ಬರಬೇಕು.

ಅರ್ಜಿಗೂ ಮೊದಲು ಕಾಗದಗಳು

ಪ್ರಕಟಣೆ ಬಂದ ಮೇಲೆ ಕಾಗದಕ್ಕೆ ಓಡಾಡಿದರೆ ತಡವಾಯಿತೆಂದೇ ತಿಳಿಯಿರಿ. ಗುತ್ತಿಗೆ ಹುದ್ದೆಗಳಿಗೆ ಹತ್ತು ಹದಿನೈದು ದಿನಕ್ಕಿಂತ ಹೆಚ್ಚು ಸಮಯ ಸಿಗುವುದು ಕಡಿಮೆ.

ನನ್ನ ಮೊದಲ ಅವಕಾಶ ಕೈತಪ್ಪಿದ್ದು ಇಂಥದ್ದೇ ಕಾರಣಕ್ಕೆ. ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಮಾಡಿಸಿದ್ದೆ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಇರಲಿಲ್ಲ. ದಾಖಲೆ ಪರಿಶೀಲನೆಯ ದಿನ ಮೇಜಿನ ಆಚೆಗಿದ್ದವರು ಆ ಹಾಳೆಯನ್ನು ಪಕ್ಕಕ್ಕಿಟ್ಟು ಮುಂದಿನವರನ್ನು ಕರೆದರು. ಒಂದು ಸಹಿಗಾಗಿ ಒಂದು ವರ್ಷ ಕಾದೆ. ಅಂದಿನಿಂದ ಕೇಳಿದವರಿಗೆಲ್ಲ ಇದನ್ನೇ ಮೊದಲು ಹೇಳುತ್ತೇನೆ: ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಪ್ರಮಾಣಪತ್ರ, ಕನ್ನಡದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಪ್ರಮಾಣಪತ್ರ, ಎರಡಕ್ಕೂ ಬಿಇಒ ಮೇಲುಸಹಿ. ಬೇರೆ ಬೇರೆ ಶಾಲೆಗಳಲ್ಲಿ ಓದಿದ್ದರೆ ಎಲ್ಲ ಶಾಲೆಗಳಿಂದಲೂ ತರಬೇಕು. ಬೇಸಿಗೆ ರಜೆಯಲ್ಲಿ ಮುಖ್ಯೋಪಾಧ್ಯಾಯರು ಸಿಗುವುದಿಲ್ಲ, ಶಾಲೆ ತೆರೆದಿರುವಾಗಲೇ ಮಾಡಿಸಿಕೊಳ್ಳಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಪಡೆದು, ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ. ನರ್ಸಿಂಗ್ ಕೌನ್ಸಿಲ್, ಫಾರ್ಮಸಿ ಕೌನ್ಸಿಲ್, ಪ್ಯಾರಾಮೆಡಿಕಲ್ ಮಂಡಳಿ, ಆಯುರ್ವೇದ ಅಥವಾ ಹೋಮಿಯೋಪಥಿ ಮಂಡಳಿ, ನಿಮ್ಮದು ಯಾವುದೋ ಆ ನೋಂದಣಿ ಚಾಲ್ತಿಯಲ್ಲಿರಬೇಕು. ಎಲ್ಲ ವರ್ಷಗಳ ಅಂಕಪಟ್ಟಿ ಬೇಕು, ಕೊನೆಯ ವರ್ಷದ್ದು ಮಾತ್ರ ಸಾಲದು. ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು ಸ್ಪಷ್ಟವಾಗಿರಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರೂ ಆಧಾರ್‌ನಲ್ಲಿರುವ ಹೆಸರೂ ಒಂದೇ ಇಲ್ಲದಿದ್ದರೆ ಇವತ್ತೇ ಸರಿಪಡಿಸಲು ಹೊರಡಿ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳು ಇಲ್ಲಿ ಬಹಳ ಕಷ್ಟಪಡುತ್ತಾರೆ.

ಪ್ರಕಟಣೆ ಎಲ್ಲಿ ಬರುತ್ತದೆ

ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳನ್ನು ಜಿಲ್ಲೆಯಲ್ಲಿ ತುಂಬುವುದು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘ. ಪ್ರಕಟಣೆ ಜಿಲ್ಲಾಡಳಿತದ ಜಾಲತಾಣದ ನೇಮಕಾತಿ ವಿಭಾಗದಲ್ಲಿ, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯ ಸೂಚನಾ ಫಲಕದಲ್ಲಿ, ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ. ವಾರಕ್ಕೊಮ್ಮೆ, ಉದಾಹರಣೆಗೆ ಸೋಮವಾರ ಬೆಳಿಗ್ಗೆ, ಜಾಲತಾಣ ನೋಡುವ ರೂಢಿ ಇಟ್ಟುಕೊಳ್ಳಿ. ಕಾಯಂ ಹುದ್ದೆಗಳು ರಾಜ್ಯ ಮಟ್ಟದಲ್ಲಿ ಇಲಾಖೆ, ಲೋಕಸೇವಾ ಆಯೋಗ ಅಥವಾ ಪರೀಕ್ಷಾ ಪ್ರಾಧಿಕಾರದ ಮೂಲಕ ಬರುತ್ತವೆ. ಅವುಗಳ ನಡುವೆ ವರ್ಷಗಳ ಅಂತರ ಇರಬಹುದು, ಅದನ್ನೇ ನಂಬಿ ಕೈಕಟ್ಟಿ ಕೂರಬೇಡಿ.

ನಿಜವಾದ ಸುದ್ದಿ ಮೊದಲು ತಿಳಿಯುವುದು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ. ಹೆರಿಗೆ ರಜೆಗೆ ಹೋಗುವವರು, ಮದುವೆಯಾಗಿ ಬೇರೆ ಜಿಲ್ಲೆಗೆ ಹೋಗುವವರು ಯಾರೆಂದು ಅಲ್ಲಿಯವರಿಗೆ ಗೊತ್ತಿರುತ್ತದೆ. ಹೋಗಿ ಪರಿಚಯ ಮಾಡಿಕೊಳ್ಳಿ, ಗೌರವದಿಂದ ಕೇಳಿ. ಹಣ ಕೊಟ್ಟರೆ ಕೆಲಸ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಆಯ್ಕೆ ನಡೆಯುವುದು ಅಂಕ, ಅನುಭವ, ಮೀಸಲಾತಿಯ ಸರದಿ ಪಟ್ಟಿ (ರೋಸ್ಟರ್) ನೋಡಿ. ಯಾರದ್ದೋ ಖಾಸಗಿ ಮೊಬೈಲ್ ಸಂಖ್ಯೆಗೆ ಹಣ ಕಳುಹಿಸಿ ಎಂದು ಸರ್ಕಾರಿ ಕಚೇರಿ ಎಂದೂ ಕೇಳುವುದಿಲ್ಲ.

ಪ್ರಕಟಣೆಯಲ್ಲಿ ಮೂರು ಸಾಲುಗಳನ್ನು ಬೆರಳಿಟ್ಟು ಓದಿ: ಹುದ್ದೆ ಯಾವ ವರ್ಗಕ್ಕೆ ಮೀಸಲು, ಗುತ್ತಿಗೆಯೋ ಹೊರಗುತ್ತಿಗೆಯೋ, ಕೆಲಸದ ಸ್ಥಳ ಯಾವುದು. ಗುತ್ತಿಗೆ ಎಂದರೆ ಸಂಘದ ಜೊತೆ ನೇರ ಒಪ್ಪಂದ, ಹೊರಗುತ್ತಿಗೆ ಎಂದರೆ ನಡುವೆ ಒಂದು ಏಜೆನ್ಸಿ. ಎರಡನೆಯದಾದರೆ ಭವಿಷ್ಯನಿಧಿ, ಇಎಸ್‌ಐ ಕಟ್ಟುತ್ತಾರೆಯೇ ಎಂದು ಸೇರುವ ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ. ಗುತ್ತಿಗೆ ವರ್ಷದ್ದು, ಮಾರ್ಚ್ ಕೊನೆಗೆ ನವೀಕರಣದ ಚಿಂತೆ ಶುರುವಾಗುತ್ತದೆ. ಊರಿನ ಪ್ರತಿ ಮಗುವಿನ ಹೆಸರು ಬಲ್ಲವರನ್ನು ವರ್ಷ ವರ್ಷವೂ ಹೀಗೆ ತೂಗುಯ್ಯಾಲೆಯಲ್ಲಿ ಇಡುವುದು ಅನ್ಯಾಯ ಎಂದೇ ನಾನು ನಂಬಿದ್ದೇನೆ, ಕಾಯಂ ಮಾಡಬೇಕೆಂಬ ಬೇಡಿಕೆಯ ಜೊತೆಗೂ ನಿಂತಿದ್ದೇನೆ. ಆದರೂ ಈ ಕೆಲಸಕ್ಕೆ ಬರಬೇಡಿ ಎಂದು ಯಾರಿಗೂ ಹೇಳಲಾರೆ.

ಸಂದರ್ಶನಕ್ಕೆ ಮುನ್ನ ಒಂದು ಗುರುವಾರ

ಪುಸ್ತಕ ಓದಿ ಸಿದ್ಧರಾಗುವವರು ಬಹಳ ಜನ. ನೀವು ಒಂದು ಗುರುವಾರ ನಿಮ್ಮ ಊರಿನ ಅಂಗನವಾಡಿಗೆ, ಲಸಿಕೆ ಹಾಕುವ ದಿನ, ಹೋಗಿ ಕುಳಿತುಕೊಳ್ಳಿ. ಅಂಗನವಾಡಿ ಟೀಚರ್, ಆಶಾ ಅಕ್ಕ, ಸಿಸ್ಟರ್ ಮೂವರನ್ನೂ ಕೇಳಿ ಅನುಮತಿ ಪಡೆದರೆ ಸಾಕು. ಮಗುವಿನ ತೋಳಿಗೆ ಪಟ್ಟಿ ಸುತ್ತಿ ಅಳೆಯುವುದನ್ನು ನೋಡಿ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು, ಅಲ್ಲಿಂದ 12.5ರವರೆಗೆ ಹಳದಿ, ಮೇಲೆ ಹಸಿರು. ಪಟ್ಟಿ ಬಿಗಿಯಾಗಿ ಎಳೆದರೆ ಹಸಿರಿನ ಮಗು ಹಳದಿಗೆ ಬೀಳುತ್ತದೆ, ಸಡಿಲ ಬಿಟ್ಟರೆ ಕೆಂಪಿನ ಮಗು ನಮ್ಮ ಕಣ್ಣಿಂದ ತಪ್ಪಿಹೋಗುತ್ತದೆ. ಕೈಯಾರೆ ಹತ್ತು ಮಕ್ಕಳಿಗೆ ಸುತ್ತಿದ ಮೇಲಷ್ಟೇ ಈ ಹದ ಬರುತ್ತದೆ.

ಕೇಳಬಹುದಾದ ಪ್ರಶ್ನೆಗಳು ಹೀಗಿರುತ್ತವೆ. ಜಂತುಹುಳು ನಿವಾರಣಾ ದಿನ ಯಾವಾಗ? ಫೆಬ್ರುವರಿ 10 ಮತ್ತು ಆಗಸ್ಟ್ 10, ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಆಲ್ಬೆಂಡಜೋಲ್, ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ. ದೃಷ್ಟಿ ಪರೀಕ್ಷೆಯ ಫಲಕ ಎಷ್ಟು ದೂರದಲ್ಲಿರಬೇಕು? ಆರು ಮೀಟರ್. ಹನ್ನೆರಡು ವರ್ಷದ ಹುಡುಗಿಗೆ ಹಿಮೋಗ್ಲೋಬಿನ್ ಎಷ್ಟಕ್ಕಿಂತ ಕಡಿಮೆಯಾದರೆ ರಕ್ತಹೀನತೆ? 12 ಗ್ರಾಂ. ಇವು ಎಲ್ಲರಿಗೂ ಬರುತ್ತವೆ. ವ್ಯತ್ಯಾಸ ಕಾಣುವುದು "ಮಗುವನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ಯಲು ತಂದೆತಾಯಿ ಒಪ್ಪದಿದ್ದರೆ ಏನು ಮಾಡುತ್ತೀರಿ?" ಎಂಬ ಪ್ರಶ್ನೆಯಲ್ಲಿ. "ಮನವೊಲಿಸುತ್ತೇನೆ" ಎಂದು ಎಲ್ಲರೂ ಹೇಳುತ್ತಾರೆ. ಏಕೆ ಒಪ್ಪುತ್ತಿಲ್ಲ ಎಂದು ಮೊದಲು ಕೇಳುತ್ತೇನೆ ಎನ್ನುವವರು ಕಡಿಮೆ. ದಿನಗೂಲಿ ಹೋಗುತ್ತದೆಂದೋ, ಚಿಕ್ಕ ಮಗುವನ್ನು ನೋಡಿಕೊಳ್ಳುವವರಿಲ್ಲವೆಂದೋ, ಆಸ್ಪತ್ರೆಯಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದೆಯೋ ಅವರು ಹಿಂಜರಿಯುತ್ತಾರೆ. ಕಾರಣ ಬೇರೆಯಾದರೆ ಉಪಾಯವೂ ಬೇರೆ. ನಿಮ್ಮ ಊರಿನ ನಿಜವಾದ ಒಂದು ಉದಾಹರಣೆಯನ್ನು, ಹೆಸರು ಹೇಳದೆ, ವಿವರಿಸಿ.

ಭಾಷೆಯೂ ಯೋಗ್ಯತೆಯೇ. ತೋಟದ ಲೈನ್ ಮನೆಗಳಲ್ಲಿ ತಮಿಳು, ತುಳು ಕೇಳುತ್ತದೆ, ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. "ಎಲ್ಲಿ ನೋವು", "ಎಷ್ಟು ದಿನದಿಂದ" ಎಂದು ಕೇಳುವಷ್ಟು ಹಿಂದಿ, ತಮಿಳು ಬಂದರೆ ಅರ್ಜಿಯಲ್ಲಿ ಬರೆಯಿರಿ.

ಓಡಾಟದ ಬಗ್ಗೆ ಪ್ರಾಮಾಣಿಕವಾಗಿರಿ. ಮಲೆನಾಡಿನ ಒಳದಾರಿಗಳಲ್ಲಿ ಖಾಸಗಿ ಬಸ್ಸೇ ಹೆಚ್ಚು, ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಲ್ಲಿಗೆ ಮುಟ್ಟುವುದಿಲ್ಲ. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತ ಮೇಲೆ ಎಷ್ಟೋ ಊರುಗಳ ಹಾದಿ ಇನ್ನಷ್ಟು ಉದ್ದವಾಯಿತು. ಸ್ಕೂಟರ್ ಕಲಿಯುವುದು ಈ ವೃತ್ತಿಯ ಭಾಗವೆಂದೇ ಹೆಣ್ಣುಮಕ್ಕಳಿಗೆ ಹೇಳುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯಂಗಿ, ಬೂಟು, ದಾಖಲೆಗಳಿಗೆ ಪ್ಲಾಸ್ಟಿಕ್ ಚೀಲ ನಿಮ್ಮ ಜೊತೆಗಿರಲಿ.

ಕೆಲಸ ಸಿಕ್ಕ ಮೊದಲ ವಾರ

ಹೊಸ ಹುದ್ದೆಗೆ ಸೇರಿದವರು ಹೊಸ ತಪಾಸಣೆಯಿಂದಲೇ ಆರಂಭಿಸುತ್ತಾರೆ. ನೀವು ಹಿಂದಿನ ವರ್ಷದ ರೆಫರಲ್ ರಿಜಿಸ್ಟರ್ ಕೇಳಿ ಪಡೆಯಿರಿ. ಹೆಸರಿನ ಮುಂದೆ "ಕಳುಹಿಸಲಾಗಿದೆ" ಎಂದು ಬರೆದು, ಮುಂದಿನ ಕಾಲಂ ಖಾಲಿ ಉಳಿದಿರುವ ಮಕ್ಕಳು ಇರುತ್ತಾರೆ. ಕಿವಿ ಸೋರುವ ಮಗು, ಎದೆಬಡಿತದ ಜೊತೆ ಮರ್ಮರ ಎಂಬ ಅಸಹಜ ಸದ್ದು ಕೇಳಿದ ಮಗು, ಪಾದ ತಿರುಚಿದ ಮಗು. ಆ ಹೆಸರುಗಳನ್ನು ಬೇರೆ ಹಾಳೆಗೆ ಬರೆದುಕೊಳ್ಳಿ.

ಆಮೇಲೆ ಆಶಾ ಅಕ್ಕನನ್ನು ಜೊತೆಗೆ ಕರೆದುಕೊಂಡು ಮನೆಗೆ ಹೋಗಿ. ಹೋಗುವ ಹೊತ್ತು ನೋಡಿಕೊಳ್ಳಿ. ನವೆಂಬರಿನಿಂದ ಮಾರ್ಚಿನವರೆಗೆ, ಅರೇಬಿಕಾ ಆಗಿ ರೋಬಸ್ಟಾ ಮುಗಿಯುವ ತನಕ, ಕಾಫಿ ಕೊಯ್ಲಿನ ಕೂಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಆ ದಿನಗಳಲ್ಲಿ ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ, ಒಂದು ದಿನದ ಕೆಲಸ ಬಿಟ್ಟು ಚಿಕ್ಕಮಗಳೂರಿಗೆ ಬನ್ನಿ ಎಂದರೆ ಬರುವುದೂ ಇಲ್ಲ. ತುರ್ತಿಲ್ಲದ ಮಕ್ಕಳ ತಾರೀಖನ್ನು ಕೊಯ್ಲು ಮುಗಿದ ವಾರಕ್ಕೆ ಗೊತ್ತುಮಾಡಿ. ಹೃದಯದ ತೊಂದರೆಯಂಥದ್ದಾದರೆ ಸಂತೆಯ ದಿನದ ಸಂಜೆ ಹೋಗಿ ಕೂತು ಮಾತನಾಡಿ, ಯಾವ ಬಸ್ಸು, ಯಾವ ಕೊಠಡಿ, ಯಾರನ್ನು ಕೇಳಬೇಕು ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ, ಸಾಧ್ಯವಾದರೆ ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ನೀವೇ ನಿಂತಿರಿ. ಮಗು ಬಂದು ಹೋದ ಮೇಲೆ ಖಾಲಿ ಕಾಲಂನಲ್ಲಿ ತಾರೀಖು ಬರೆಯಿರಿ.